ಅಣ್ಣ ಒಬ್ಬನೇ ನಡೆಯಲು ಕಲಿತದ್ದು

ಕಣ್ಣು ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ಅಣ್ಣನಿಗೆ ನಲವತ್ತು ದಾಟಿತ್ತು. ಅಪ್ಪನ ಕಡೆಯಿಂದ ಬಂದ ರೋಗ. ಮೊದಲು ಮಬ್ಬುಗತ್ತಲಲ್ಲಿ ಕಾಣುವುದಿಲ್ಲ. ಆಮೇಲೆ ನೋಟ ಎರಡೂ ಬದಿಯಿಂದ ಕಿರಿದಾಗುತ್ತ ಬಂದು, ಕೊಳವೆಯೊಳಗಿಂದ ನೋಡಿದ ಹಾಗಾಗಿ, ಕೊನೆಗೆ ಅದೂ ಮುಚ್ಚುತ್ತದೆ. ಅದಕ್ಕೆ ಔಷಧಿಯಿಲ್ಲ. "ಕಣ್ಣಿರುವಾಗಲೇ ಬೇಕಾದದ್ದನ್ನು ಕಲಿತುಕೊಳ್ಳಿ" ಎಂದರಂತೆ.

ಬೇಕಾದದ್ದು ಯಾವುದು ಎಂದು ಅಂಕೋಲೆಯ ಮನೆಯಲ್ಲಿ ಜಗಳವೇ ಆಯಿತು. ಅಣ್ಣನದು ಪಂಪ್‌ಸೆಟ್, ಮಿಕ್ಸರ್ ರಿಪೇರಿಯ ಅಂಗಡಿ. ಕೈಯಲ್ಲಿ ಮುಟ್ಟಿಯೇ ಮೋಟಾರಿಗೆ ತಂತಿ ಸುತ್ತುವುದನ್ನು ರೂಢಿಸಿಕೊಂಡರೆ ಅಂಗಡಿ ಉಳಿಯುತ್ತದೆ ಎಂಬುದು ಅತ್ತಿಗೆಯ ವಾದ. ಕಾರವಾರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಬ್ರೈಲ್ ಕಲಿ ಎಂದೆ. ಅಣ್ಣ ಇಬ್ಬರದ್ದನ್ನೂ ಕೇಳಿಸಿಕೊಂಡು, "ನಾ ಒಬ್ನೇ ನಡೂದು ಕಲೀತೆ" ಎಂದ.

"ಅದೆಂತ ಕಲೂದು? ಯಾರಾದ್ರೂ ಕೈ ಹಿಡ್ಕಂಡು ಹೋಗ್ತರು" ಎಂದಳು ಅತ್ತಿಗೆ.

"ಅದ್ಕೇ ಕಲೀತೆ ಅಂದದ್ದು. ಒಂದ್ ಚಾ ಕುಡೂಕೂ ನಿನ್ನ ಕರೀಬೇಕು ಅಂದ್ರೆ ನನ್ನಿಂದ ಆಗೂದಿಲ್ಲ."

ಕಣ್ಣಿಗೆ ಟವೆಲು ಕಟ್ಟಿಕೊಂಡು, ಕೈಯಲ್ಲೊಂದು ಕೋಲು ಹಿಡಿದು ಅವನು ಮನೆಯಿಂದ ಪೇಟೆಗೆ ನಡೆಯತೊಡಗಿದ. ಭಾನುವಾರ ನಾನು ಹೋದರೆ ಹಿಂದೆ ಹಿಂದೆ ನಡೆಯುತ್ತಿದ್ದೆ. ಹಿಟ್ಟಿನ ಗಿರಣಿಯ ಸದ್ದು ಬಂದಲ್ಲಿ ಎಡಕ್ಕೆ, ಕಾಲಡಿ ಇಳಿಜಾರು ಸಿಕ್ಕಲ್ಲಿ ನಿಧಾನ, ಒಣಮೀನಿನ ವಾಸನೆ ದಾಟಿದ ಮೇಲೆ ಹೆದ್ದಾರಿ. ಅಲ್ಲಿ ನಿಂತು ಕಿವಿಗೊಟ್ಟು, ಗಾಡಿಗಳ ನಡುವಿನ ಬಿಡುವು ಹಿಡಿದು ದಾಟಿಬಿಡುತ್ತಿದ್ದ. ಕಣ್ಣು ಪೂರ್ತಿ ಹೋಗುವ ಹೊತ್ತಿಗೆ ಆ ದಾರಿಯ ಹೆಜ್ಜೆ ಹೆಜ್ಜೆಯೂ ಅವನದಾಗಿತ್ತು. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಆದರೂ ದಿನವೂ ಪೇಟೆಗೆ ಹೋಗಿ ಚಾ ಕುಡಿದು, ಹರಟೆ ಹೊಡೆದು ಬರುತ್ತಿದ್ದ.

ಆಮೇಲೆ ಹೆದ್ದಾರಿ ಅಗಲವಾಗತೊಡಗಿತು. ಗಿರಣಿ ಕಿತ್ತರು. ನಿನ್ನೆ ಇದ್ದ ಮಣ್ಣಿನ ರಾಶಿ ಇವತ್ತು ಇನ್ನೊಂದು ಕಡೆ. ಒಂದು ರಸ್ತೆ ಇದ್ದಲ್ಲಿ ಹೋಗಲು ಒಂದು, ಬರಲು ಒಂದು ಎಂದು ಎರಡಾದವು, ನಡುವೆ ಕಟ್ಟೆ ಬಂತು. ಅಣ್ಣ ಹೊಸದಾಗಿ ಕಲಿಯಲು ಹೊರಟ. ಕಲಿತದ್ದು ಮರುವಾರಕ್ಕೆ ಸುಳ್ಳಾಗುತ್ತಿತ್ತು. "ಕೆಲ್ಸ ಮುಗ್ಯೂವರೆಗೆ ಮನೇಲೇ ಇರಿ" ಎಂದು ಅತ್ತಿಗೆ ಅತ್ತಳು. ಅವನು ಕೇಳಲಿಲ್ಲ. ಒಂದು ಬೆಳಿಗ್ಗೆ, ಗಾಡಿಗಳು ಬಲಗಡೆಯಿಂದಲೇ ಬರುತ್ತವೆ ಎಂದು ಅತ್ತಲೇ ಕಿವಿಗೊಟ್ಟು ಕಾಲಿಟ್ಟವನಿಗೆ, ತಪ್ಪು ದಿಕ್ಕಿನಿಂದ ಬಂದ ಬೈಕು ಎಡಗಡೆಯಿಂದ ಹೊಡೆಯಿತು.

ಸೊಂಟದ ಮೂಳೆ ಮುರಿದಿತ್ತು. ಮಂಗಳೂರಿಗೆ ಒಯ್ದು ಆಪರೇಶನ್ ಮಾಡಿಸಿದೆವು. ತಿರುಗಿ ಬಂದವನು ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಮಗ್ಗುಲು ಬದಲಿಸಲೂ ಅತ್ತಿಗೆಯನ್ನು ಕೂಗಬೇಕಾಯಿತು. ಒಂದು ದಿನ ನನ್ನ ಕೈ ಹಿಡಿದು, "ತಂಗೀ, ನಾ ಕಲ್ತದ್ದು ತಪ್ಪಲ್ಲ. ರಸ್ತೆನೇ ಬೇರೆ ಆಯ್ತು" ಎಂದ. ಮಳೆಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಹೋಗಿಬಿಟ್ಟ.

ಅವನ ವರ್ಷಾಂತಿಕ ಮುಗಿಸಿ ಬಂದ ಮೇಲೆ, ಸಂಜೆ ಮೆಟ್ಟಿಲು ಇಳಿಯುವಾಗ ನಾನು ಎರಡು ಸಲ ಮುಗ್ಗರಿಸಿದೆ. ಡಾಕ್ಟರು ಪರೀಕ್ಷಿಸಿ ಅದೇ ಮಾತು ಹೇಳಿದರು.

ಗಂಡ ಒಂದು ಬಿಳಿ ಕೋಲು ತರಿಸಿದರು, ಮಾತಾಡುವ ಕಂಪ್ಯೂಟರನ್ನೂ ತರಿಸಿದರು. "ಯಾವ್ದು ಮೊದ್ಲು ಕಲೀತೀ ನೋಡು" ಎಂದರು. ನನಗೆ ಬೇಕಿದ್ದದ್ದು ಕೋಲು. ಅದನ್ನು ಹಿಡಿದು ಗೇಟಿನ ತನಕ ಹೋದೆ. ಬೀದಿಯಲ್ಲಿ ಒಂದು ಬೈಕು ಹಾದುಹೋಯಿತು. ಕಾಲು ಮುಂದೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಕಂಪ್ಯೂಟರನ್ನು ಕುರ್ಚಿಯ ಮೇಲೆ ಕೂತು ಕಲಿಯಬಹುದಿತ್ತು. ಅದನ್ನೇ ಕಲಿತೆ. ನೌಕರಿ ಉಳಿಯಬೇಕಲ್ಲ ಎಂದು ಎಲ್ಲರೆದುರು ಹೇಳಿದೆ. ಜಾಣತನದ ಆಯ್ಕೆ ಎಂದು ಎಲ್ಲರೂ ಹೊಗಳಿದರು.

ಕಣ್ಣು ಪೂರ್ತಿ ಹೋಯಿತು, ನೌಕರಿ ಉಳಿಯಿತು. ಕಂಪ್ಯೂಟರು ಓದಿ ಹೇಳಿದ ಪಾಠವನ್ನು ಬಾಯಿಪಾಠ ಮಾಡಿಕೊಂಡು ಕಲಿಸುತ್ತೇನೆ. ಬೆಳಿಗ್ಗೆ ಗಂಡ ಶಾಲೆಗೆ ಬಿಡುತ್ತಾರೆ, ಸಂಜೆ ಕರೆದೊಯ್ಯುತ್ತಾರೆ. ಮೊನ್ನೆ ಅವರು ಬರುವುದು ತಡವಾಯಿತು. ಮಕ್ಕಳ ಗದ್ದಲ ಮುಗಿದು, ಕೋಣೆಗಳ ಬಾಗಿಲು ಒಂದೊಂದಾಗಿ ಮುಚ್ಚುವ ಸದ್ದು ನನ್ನತ್ತ ಬಂತು.

"ಮೇಡಂ, ಬೀಗ ಹಾಕೂದಿತ್ತು. ಗೇಟ್ ತನಕ ಬಿಡ್ಲೋ?" ಜವಾನ ಕೇಳಿದ.

"ಬೇಡ. ಅವ್ರು ಬರ್ತರು" ಎಂದೆ.

ಅವನು ಕುರ್ಚಿಯನ್ನು ಹೊರಗೆ ಜಗಲಿಯ ಮೇಲೆ ಇಟ್ಟು, ನನ್ನನ್ನು ಅದರಲ್ಲಿ ಕೂರಿಸಿ ಬೀಗ ಹಾಕಿದ.