ಕಿವಿಯಿಂದ ನೋಡಿದ ಸಿನಿಮಾ

ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುವ ಸುರೇಖಾ ಒಂದು ಕಡೆ ಕೂರುವ ಹೆಂಗಸಲ್ಲ, ಆದರೆ ಕಸಬು ಕೂರಿಸುತ್ತದೆ. ಆ ಚಡಪಡಿಕೆಗೆ ಅವಳು ಕಂಡುಕೊಂಡ ಮದ್ದು ಸಿನಿಮಾ. ದಾರದ ಡಬ್ಬಿಗೆ ಫೋನು ಆನಿಸಿಟ್ಟು, ಓಟಿಟಿಯಲ್ಲಿ ಹೊಸದೇನು ಬಂದರೂ ಹಚ್ಚುತ್ತಾಳೆ. ಕಣ್ಣು ಸೂಜಿಯ ಮೇಲೆ, ಕಿವಿ ಸಿನಿಮಾದ ಮೇಲೆ.

ಶುಕ್ರವಾರ ಬಂತೆಂದರೆ ವಾಟ್ಸಾಪ್ ಗುಂಪಿಗೆ ಆ ವಾರದ ಸಿನಿಮಾ ಹೇಗಿದೆಯೆಂದು ಅವಳ ಎರಡು ನಿಮಿಷದ ಧ್ವನಿ ಹೋಗಲೇಬೇಕು. ಇಂಡಿಯಿಂದ ಬಸವನ ಬಾಗೇವಾಡಿಯ ತನಕ ಮುನ್ನೂರು ಹೆಂಗಸರು ಅದಕ್ಕೇ ಕಾಯುತ್ತಾರೆ. ಮುಲಾಜು ಅನ್ನುವುದೇ ಇಲ್ಲ ನೋಡಿ ಆಕೆಗೆ. "ಹೀರೋ ಮುಕ್ಕಾಲು ತಾಸು ಬರೇ ನಡೀತಾನ. ನಮ್ಮ ಹೊಲಕ್ಕ ಬಂದಿದ್ರ ಅಷ್ಟೊತ್ತಿಗೆ ನಾಕು ಸಾಲು ಕಸಾ ತಗೀತಿದ್ದ. ಅರ್ಧಕ್ಕ ಬಿಡ್ರಿ" ಎಂದರೆ ಮುಗಿಯಿತು, ಎಲ್ಲರೂ ಅರ್ಧಕ್ಕೇ ಬಿಟ್ಟರು. ಆಕೆ ಸಿನಿಮಾ ನೋಡುವುದಿಲ್ಲ, ಬರೀ ಕೇಳುತ್ತಾಳೆ ಎಂಬುದು ಮಾತ್ರ ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಕಳೆದ ಶುಕ್ರವಾರ ಕನ್ನಡಕ್ಕೆ ಡಬ್ ಆದ ಒಂದು ಮಲಯಾಳಂ ಸಿನಿಮಾವನ್ನು ಬಾಯಿತುಂಬ ಹೊಗಳಿದ್ದಳು. ಗಂಡಹೆಂಡಿರ ಜಗಳ, ಬಸುರು, ಬಾಣಂತನ. ಕೊನೆಯ ಹತ್ತು ನಿಮಿಷ ಮಾತೇ ಇಲ್ಲ, ಕೊಳಲು ಅಷ್ಟೇ. ಎಲ್ಲ ಸುಖವಾಯಿತೆಂದುಕೊಂಡು, "ನಗ್ತಾ ಮುಗಿತೈತಿ, ಮನಿಮಂದಿ ಎಲ್ಲಾ ಕೂತು ನೋಡ್ರಿ" ಎಂದುಬಿಟ್ಟಿದ್ದಳು.

ಭಾನುವಾರ ಮಧ್ಯಾಹ್ನ ಗುಂಪಿನಲ್ಲಿ ಮುದ್ದೇಬಿಹಾಳದ ಸುನೀತಾಳ ಧ್ವನಿ ಬಂತು: "ಅಕ್ಕಾ, ಕಡೀಕ ಕೂಸು ಸಾಯ್ತೈತಲ್ರಿ. ನಗೋದೆಲ್ಲಿ ಐತ್ರಿ ಅದರಾಗ?"

ಸುರೇಖಾಳ ಕಾಲು ಮಷೀನಿನ ಮೇಲೇ ನಿಂತಿತು. ದೇವಣಗಾಂವಕ್ಕೆ ಕೊಟ್ಟ ತಂಗಿ ಭಾಗ್ಯಜ್ಯೋತಿ ಆಗಷ್ಟೇ ಬರೆದಿದ್ದಳು, ಅತ್ತೆಯ ಜೊತೆ ಅದೇ ಸಿನಿಮಾಕ್ಕೆ ಕೂತಿದ್ದೇನೆ ಎಂದು. ಎರಡು ವರ್ಷದ ಹಿಂದೆ ಅವಳ ಚೊಚ್ಚಲ ಕೂಸು ಒಂಬತ್ತೇ ದಿನಕ್ಕೆ ಹೋಗಿತ್ತು. ಕೂಸಿನ ತಲೆ, ಬೆನ್ನು ಮುಚ್ಚಲೆಂದು ಸುರೇಖಾ ಹೊಲಿದುಕೊಟ್ಟ ಹಸಿರು ಕುಂಚಿಗೆಯನ್ನು ಒಂದು ಸಲ ಒಗೆಯುವಷ್ಟೂ ಬಳಸಲಾಗಿರಲಿಲ್ಲ. ಈಗ ಮತ್ತೆ ಏಳು ತಿಂಗಳ ಬಸುರಿ.

ಸುರೇಖಾ ತಂಗಿಗೆ ಫೋನು ಮಾಡಿದಳು. ಕಟ್. ಮತ್ತೆ ಮಾಡಿದಳು. ಮತ್ತೆ ಕಟ್. ಫೋನನ್ನು ಟಿವಿಗೆ ಜೋಡಿಸಿದರೆ ಭಾಗ್ಯಾ ಯಾರ ಕರೆಯನ್ನೂ ಎತ್ತುವುದಿಲ್ಲ. ಸುರೇಖಾ ಅಂಗಡಿಯ ಷಟರ್ ಅರ್ಧ ಎಳೆದು ಬಸ್ಸಿಗೆ ಓಡಿದಳು. ಸೀಟು ಸಿಕ್ಕರೂ ಕೂರಲಾಗಲಿಲ್ಲ, ಕಂಬಿ ಹಿಡಿದು ಬಾಗಿಲಲ್ಲೇ ನಿಂತಳು. ಈಗ ಅವರು ಎಲ್ಲಿಗೆ ಬಂದಿರಬಹುದು? ಜಗಳಕ್ಕೋ, ಹೆರಿಗೆಗೋ? ಡ್ರೈವರ್ ಚಹಾಕ್ಕೆ ಇಳಿದಾಗ ಅವನ ಕೊರಳು ಹಿಚುಕುವಷ್ಟು ಸಿಟ್ಟು ಬಂತು. ತನ್ನ ಮೇಲಿನ ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಲ್ಲ.

ಮನೆ ಮುಟ್ಟಿದಾಗ ಟಿವಿ ಆರಿತ್ತು. ಭಾಗ್ಯಾಳ ಕಣ್ಣು ಊದಿದ್ದವು. ಅವಳ ಅತ್ತೆ ಕಸ್ತೂರೆವ್ವ ನೀರು ಕೊಟ್ಟು ಎದುರಿಗೆ ಕೂತಳು.

"ಸುರೇಖಾ, ನೀ ಇದನ್ನ ನೋಡೀಯೇನವಾ?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. "ಇಲ್ರಿ ಅತ್ತಿ. ಬರೇ ಕೇಳೇನ್ರಿ."

ಭಾಗ್ಯಾ ಕೊನೆಯ ಹತ್ತು ನಿಮಿಷ ಮತ್ತೆ ಹಚ್ಚಿದಳು. ಕೈಯಲ್ಲಿ ಬಟ್ಟೆಯಿಲ್ಲದೆ, ಸೂಜಿಯಿಲ್ಲದೆ ಸುರೇಖಾ ನೋಡಿದಳು. ಕೊಳಲಿನ ದನಿಯ ಜೊತೆಗೆ ಒಬ್ಬ ತಾಯಿ ಪುಟ್ಟ ಪುಟ್ಟ ಅಂಗಿಗಳನ್ನು ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದಳು. ಅಷ್ಟೇ. ಸುರೇಖಾಳಿಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

"ನಂದ ತಪ್ಪ ಭಾಗ್ಯಾ. ಬೈಯವಾ, ಏನರ ಅನ್ನು."

ಭಾಗ್ಯಾ ಒಳಗೆ ಹೋಗಿ ಟ್ರಂಕಿನಿಂದ ಹಸಿರು ಕುಂಚಿಗೆ ತಂದು ಅಕ್ಕನ ತೊಡೆಯ ಮೇಲಿಟ್ಟಳು.

"ಇಂಥಾದ್ದ ಇನ್ನೊಂದು ಹೊಲಿಯಕ್ಕಾ. ಆದ್ರ ಹೊಲಿಯುವಾಗ ಸಿನಿಮಾ ಹಚ್ಚಬ್ಯಾಡ."