ತಿರುವಿನಲ್ಲಿ ನಿಲ್ಲುತ್ತಿದ್ದ ಜೀಪು

ಬಸರೀಕಟ್ಟೆಯಿಂದ ಸ್ವಲ್ಪ ಆಚೆ, ಕಾಫಿ ಎಸ್ಟೇಟಿನ ಬೇಲಿಗೆ ಒತ್ತಿಕೊಂಡಂತೆ ನಮ್ಮ ಕಾಲೋನಿ. ಯಾರ ಮನೆಗೂ ಪಾಯಿಖಾನೆ ಇರಲಿಲ್ಲ. ಎಸ್ಟೇಟಿನೊಳಗೆ ಕಾಲಿಟ್ಟರೆ ನಾಯಿ ಬಿಡುತ್ತಿದ್ದರು. ಹಾಗಾಗಿ ಹೆಂಗಸರೆಲ್ಲ ಬೆಳಕು ಹರಿಯುವ ಮೊದಲೇ ರಸ್ತೆಯ ತಿರುವಿನ ಕೆಳಗೆ, ಪೊದೆಗಳ ಮರೆಗೆ ಹೋಗಬೇಕಿತ್ತು.

ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಿಡಿಯುತ್ತಿದ್ದ ರೈಟರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದೇ ಹೊತ್ತಿಗೆ ಜೀಪು ತಂದು ತಿರುವಿನಲ್ಲಿ ನಿಲ್ಲಿಸುತ್ತಿದ್ದ. ದೀಪ ನೇರ ನಮ್ಮ ಮೇಲೆ ಬೀಳುತ್ತಿತ್ತು. ಗಡಬಡಿಸಿ ಎದ್ದು ಮುಖ ಮುಚ್ಚಿಕೊಂಡು ನಿಲ್ಲುತ್ತಿದ್ದೆವು. ಹಾರನ್ ಹೊಡೆದು, ಅವಸರವಿಲ್ಲದೆ ಹೋಗುತ್ತಿದ್ದ. ನಾನಾಗ ಹೈಸ್ಕೂಲಿನಲ್ಲಿದ್ದೆ.

ಒಂದು ದಿನ ಅಮ್ಮ ಹಾಜರಿಗೆ ನಿಂತಾಗ ಎಲ್ಲರೆದುರೇ ಕೇಳಿದನಂತೆ, "ಎಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ಎದ್ದು ನಿಂತು ನಂಗೆ ಸೆಲ್ಯೂಟ್ ಹೊಡೀತಿದ್ಯಲ್ಲ?"

ಗಂಡಸರು ನಕ್ಕರು. ಅಮ್ಮ ಬುಟ್ಟಿ ಎತ್ತಿಕೊಂಡು ಕೆಲಸಕ್ಕೆ ನಡೆದಳು. ಸಂಜೆ ಅಕ್ಕಿ ತೊಳೆಯುತ್ತಾ ನನಗೆ ಇದನ್ನು ಹೇಳಿ, "ಇವನನ್ನ ನಾ ಬಿಡೂದಿಲ್ಲ" ಅಂದಳು.

ಆ ವರ್ಷವೇ ಪಂಚಾಯಿತಿಯವರು ಪಾಯಿಖಾನೆ ಕಟ್ಟಿಸಿಕೊಡುತ್ತಾರೆಂಬ ಸುದ್ದಿ ಬಂತು. "ಕುಡಿಯೋ ನೀರನ್ನೇ ಹಳ್ಳದಿಂದ ಹೊರ್ತೇವೆ, ಅದಕ್ಕೆಲ್ಲಿಂದ ಸುರಿಯೋದು?" ಎಂದು ಗಂಡಸರು ಕೈಚೆಲ್ಲಿದರು. ಅಮ್ಮ ಹೆಂಗಸರನ್ನು ಸೇರಿಸಿಕೊಂಡು ಪಂಚಾಯಿತಿ ಬಾಗಿಲಲ್ಲಿ ಕೂತಳು. ನೀರು ಕೊಡದೆ ಏಳುವುದಿಲ್ಲವೆಂದಳು. ಕಡೆಗೂ ಗುಡ್ಡದ ಮೇಲೆ ಟ್ಯಾಂಕು ಬಂತು, ಮನೆಗೊಂದು ನಲ್ಲಿ ಬಂತು, ಹಿತ್ತಲಲ್ಲಿ ಪಾಯಿಖಾನೆಯೂ ಎದ್ದಿತು. ನಮ್ಮನೆ ಗುಂಡಿಯನ್ನು ಅಗೆದವಳು ಅಮ್ಮನೇ. ಹಾರೆ ನೆಲಕ್ಕೆ ಬಿದ್ದಾಗಲೆಲ್ಲ ರೈಟರಿಗೊಂದು ಬೈಗುಳ ಬೀಳುತ್ತಿತ್ತು.

ಕಾಲೋನಿಯ ಬದುಕು ಬೇರೆಯೇ ಆಯಿತು. ಸಂಜೆಯ ಮೇಲೆ ನೀರು ಕುಡಿಯಲು ಹೆದರುತ್ತಿದ್ದ ಹೆಂಗಸರು ಚೊಂಬು ಎತ್ತಿ ಕುಡಿದರು. ಮಕ್ಕಳಿಗೆ ಭೇದಿ ಕಡಿಮೆಯಾಯಿತು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದು ಉಳಿಯತೊಡಗಿದರು. ಅಮ್ಮನ ಸಿಟ್ಟು ಮಾತ್ರ ಇಳಿಯಲಿಲ್ಲ.

ಕೆಲಸ ಮುಗಿದದ್ದಕ್ಕೆ ಶಾಲೆಯ ಅಂಗಳದಲ್ಲಿ ಸಭೆ ಮಾಡಿದರು. ಕೊಪ್ಪದಿಂದ ಅಧಿಕಾರಿಯೊಬ್ಬರು ಬಂದಿದ್ದರು. ಎಸ್ಟೇಟಿನ ಪರವಾಗಿ ರೈಟರಿಗೂ ಹಾರ ಹಾಕಿ ವೇದಿಕೆಯಲ್ಲಿ ಕೂರಿಸಿದ್ದರು. ಅವನ ಹೆಂಡತಿ ಮುಂದಿನ ಸಾಲಿನಲ್ಲಿದ್ದರು. ಹೆಂಗಸರ ಪರವಾಗಿ ಯಾರಾದರೂ ಮಾತಾಡಿ ಎಂದಾಗ ಅಮ್ಮ ಎದ್ದು ಹೋಗಿ ಮೈಕ್ ಹಿಡಿದಳು.

"ನಮ್ಮ ಕಾಲೋನಿಗೆ ಪಾಯಿಖಾನೆ ಬಂದಿದ್ದು ರೈಟರಯ್ಯನಿಂದ."

ಚಪ್ಪಾಳೆ ಬಿತ್ತು. ರೈಟರ್ ಹಾರ ಸರಿಮಾಡಿಕೊಂಡು ಕೈಮುಗಿದ.

"ದಿನಾ ಬೆಳಿಗ್ಗೆ ನಾವು ಹೆಂಗಸ್ರು ಕೂತಲ್ಲಿಗೆ ಜೀಪು ತಂದು ಲೈಟ್ ಬಿಡ್ತಿದ್ರು. ಮಳೆಗಾಲದಲ್ಲೂ ತಪ್ಪಿಸಿದವರಲ್ಲ. ಅವರು ಅಷ್ಟು ಕಣ್ಣಿಟ್ಟು ನೋಡಿದ್ದಕ್ಕೇ ನಾವು ಹಟ ಹಿಡಿದು ಗೋಡೆ ಕಟ್ಟಿಸ್ಕೊಂಡ್ವಿ. ಅವರ ಮನೆಯವರೂ ಇಲ್ಲೇ ಇದಾರೆ, ಅವರಿಗೂ ಗೊತ್ತಿರ್ಲಿ ಅಂತ ಹೇಳ್ದೆ."

ಅಧಿಕಾರಿ ತಲೆ ತಗ್ಗಿಸಿ ಕೂತರು. ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಅಂಗಳವೇ ನಕ್ಕಿತು. ರೈಟರ ಹೆಂಡತಿ ಎದ್ದು ಹೊರಟುಹೋದರು. ಅವನ ಮುಖ ಕಪ್ಪಿಟ್ಟದ್ದನ್ನು ನಾನು ಕಣ್ತುಂಬ ನೋಡಿದೆ.

ಮಾರನೇ ದಿನ ರೈಟರ ಹೆಂಡತಿ ನಮ್ಮನೆ ಬಾಗಿಲಿಗೇ ಬಂದರು. "ನೀ ಹೇಳಿದ್ದು ಹೌದಾ?"

"ಬನ್ನಿ, ಜಾಗ ತೋರಿಸ್ತೀನಿ."

ಅಮ್ಮ ಅವರನ್ನು ಪೊದೆಗಳ ನಡುವೆ, ನಾವು ಕೂರುತ್ತಿದ್ದಲ್ಲೇ ನಿಲ್ಲಿಸಿದಳು. ಅವರು ಒಮ್ಮೆ ತಲೆಯೆತ್ತಿ ರಸ್ತೆಯನ್ನು ನೋಡಿದರು. ಅಲ್ಲಿಂದ ನೇರ ಮನೆಗೆ ಹೋಗಿ, ಬಟ್ಟೆಬರೆ ಕಟ್ಟಿಕೊಂಡು ಮುತ್ತಿನಕೊಪ್ಪದ ತವರಿಗೆ ಬಸ್ಸು ಹತ್ತಿದರು. ತಿರುಗಿ ಬರಲು ಬಹಳ ತಿಂಗಳು ಹಿಡಿಯಿತು. ಅಷ್ಟರಲ್ಲಿ ಊರಿನ ಬಾಯಲ್ಲಿ ರೈಟರಿಗೆ 'ಲೈಟಯ್ಯ' ಎಂಬ ಹೆಸರು ಗಟ್ಟಿಯಾಗಿತ್ತು.

ಎಸ್ಟೇಟಿನಲ್ಲಿ ಅಮ್ಮನಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಅವಳು ಜಯಪುರದ ಕಡೆ ಅಡಿಕೆ ಸುಲಿಯಲು ಹೋದಳು. ದೂರವಾಯಿತೆಂದು ಗೊಣಗಿದಳೇ ಹೊರತು, ಆಡಿದ ಮಾತಿಗೆ ಬೇಸರ ಪಟ್ಟುಕೊಳ್ಳಲಿಲ್ಲ.

ಕೆಲವು ವರ್ಷಗಳ ಮೇಲೆ ಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಲೈಟಯ್ಯ ಸಿಕ್ಕಿದ. ಕೋಲೂರಿಕೊಂಡಿದ್ದ. ನನ್ನ ಗುರುತು ಹಿಡಿದು, "ಅಮ್ಮ ಹೇಗಿದಾಳೆ?" ಎಂದು ಮೆತ್ತಗೆ ಕೇಳಿದ. ಪಕ್ಕದಲ್ಲಿದ್ದ ನನ್ನ ಚಿಕ್ಕಮ್ಮ, "ಪಾಪ, ವಯಸ್ಸಾಯ್ತು, ಒಂದು ಒಳ್ಳೆ ಮಾತಾಡು" ಎಂದು ಕಿವಿಯಲ್ಲಿ ಪಿಸುಗುಟ್ಟಿದಳು.

"ಚೆನ್ನಾಗಿದಾಳೆ," ಅಂದೆ. "ನಿಮ್ಮನ್ನ ಇನ್ನೂ ಬೈತಾಳೆ. ನಾನೂ ಬೈತೀನಿ."

ಬಸ್ಸು ಬಂತು. ಕಿಟಕಿ ಪಕ್ಕದ ಸೀಟು ಹಿಡಿದು ಹಾಯಾಗಿ ಕೂತೆ.