ಕರುಗಳ ಸಾವು, ಕರ್ಪೂರದ ಆಣೆ

‘ಲೋ, ಎಲ್ಡು ಕರೂನೂ ಸತ್ತೋದೋ ಕಣ್ಲಾ! ವಿಷ ಇಕ್ಬುಟ್ಟವ್ನೆ!’

ಕಳೆದ ವಾರ ಬೆಳ್ಳಂಬೆಳಗ್ಗೆ ತೆರಕಣಾಂಬಿ ಪಕ್ಕದ ಹಳ್ಳಿಯಿಂದ ನಮ್ಮಕ್ಕ ಮಾದೇವಮ್ಮನ ಫೋನು. ಹಿಂದಿನ ಸಂಜೆ ಬದುವಿನ ಪಕ್ಕ ಮೇಯುತ್ತಿದ್ದ ಜಾಗದಲ್ಲೇ ಕರುಗಳು ಬಿದ್ದು, ಒದ್ದಾಡಿ, ಸತ್ತಿದ್ದವು. ಯಾರಪ್ಪಾ ವಿಷ ಇಕ್ಕಿದ್ದು? ‘ಇನ್ಯಾರು, ಪುಟ್ಟಸ್ವಾಮಿ!’

ಪುಟ್ಟಸ್ವಾಮಿ ಪಕ್ಕದ ಹೊಲದವನು. ಚೆಂಡುಹೂವು ಬೆಳೆಯುತ್ತಾನೆ, ಔಷಧಿ ಹೊಡೆಯುತ್ತಾನೆ. ಸಾಲದ್ದಕ್ಕೆ ಅಕ್ಕನಿಗೂ ಅವನಿಗೂ ಬದುವಿನ ಜಗಳ ಬೇರೆ. ಇನ್ನೇನು ಸಾಕ್ಷಿ ಬೇಕು? ಯಾವ ವಿಷ ಅಂತ ಗೊತ್ತಾಗುವ ಮೊದಲೇ ಇಕ್ಕಿದವನ ಹೆಸರು ಊರಿಗೆಲ್ಲ ಗೊತ್ತು. ಟಿವಿ ಚಾನೆಲ್‌ಗಳಿಗೂ ಇಷ್ಟು ಸ್ಪೀಡಿಲ್ಲ ಬಿಡಿ.

ಬಸ್ಸು ಹಿಡಿದು ಹೋದೆ. ಕೊಟ್ಟಿಗೆಯಲ್ಲಿ ಸತ್ತ ಕರುಗಳ ಎರಡು ಖಾಲಿ ಗೂಟ ನೋಡಿ ನನಗೂ ಸಂಕಟವಾಯಿತು. ಜಗಲಿಯ ಮುಂದೆ ಜನವೋ ಜನ. ಅಕ್ಕ ಪುಟ್ಟಸ್ವಾಮಿಯ ಎದುರು ಕರ್ಪೂರ ಹಿಡಿದು ನಿಂತಿದ್ದಳು.

‘ತಪ್ಪು ಮಾಡಿಲ್ಲ ಅಂದ್ರೆ ಮಾದಪ್ಪನ ಮೇಲೆ ಆಣೆ ಮಾಡಿ ಕರ್ಪೂರ ಆರ್ಸ್ಲಾ!’

(ನಮ್ಮ ಕಡೆ ಉರಿಯುವ ಕರ್ಪೂರ ಆರಿಸಿ ಆಣೆ ಮಾಡಿದರೆ ಮುಗಿಯಿತು. ಸುಳ್ಳಾಡಿದವನನ್ನು ಮಾದಪ್ಪನೇ ನೋಡಿಕೊಳ್ಳುತ್ತಾನೆ, ಅಪೀಲಿಗೆ ಅವಕಾಶವಿಲ್ಲ.)

ಪುಟ್ಟಸ್ವಾಮಿ ಬಾಯಿ ತೆರೆಯುವಷ್ಟರಲ್ಲಿ ಹೊಲದ ಕಡೆಯಿಂದ ಯಾರೋ ಕೂಗಿದರು. ಉಳಿದಿದ್ದ ಒಂದೇ ಕರು ಗೌರಿಯೂ ಬಿದ್ದಿತ್ತು. ಬಾಯಲ್ಲಿ ನೊರೆ, ಮೈಯೆಲ್ಲ ನಡುಕ. ಎಲ್ಲರೂ ಅಯ್ಯೋ ಅನ್ನುತ್ತಾ ನಿಂತರು. ಪುಟ್ಟಸ್ವಾಮಿ ಬೈಕಿನ ಕಿಕ್ಕರ್ ಒದ್ದ.

‘ಆಣೆ ಆಮ್ಯಾಕೆ ಮಾಡ್ತೀನಿ ಕಣಕ್ಕ, ಮೊದ್ಲು ಡಾಕ್ಟ್ರ ಕರ್ಕಂಡ್ ಬತ್ತೀನಿ!’

ಡಾಕ್ಟರು ಬಂದವರೇ ಕರುವಿನ ಬಾಯಿ ಬಿಡಿಸಿ ನೋಡಿ ಕೇಳಿದರು: ‘ಎಲ್ಲಿ ಮೇಯಿಸಿದ್ರಮ್ಮ?’

‘ಬದುವಿನ ಹುಲ್ಲಲ್ಲಿ ವಿಷ ಇರ್ತದೆ ಅಂತ ಇದನ್ನ ನಮ್ ಹೊಲ್ದಲ್ಲೇ ಕಟ್ಟಿದ್ದೆ ಸಾ. ಕುಯ್ದ ಜೋಳ ಚಿಗ್ರೈತಲ್ಲ, ಅಲ್ಲಿ.’

‘ಸತ್ತ ಕರುಗಳೂ ಅದನ್ನ ತಿಂದಿದ್ವಾ?’

‘ಊ ಸಾ. ಎಳೇದು, ಮೆತ್ಗದೆ ಅಂತ ನಾನೇ ಬುಟ್ಟಿದ್ದೆ.’

‘ಆ ಚಿಗುರೇ ವಿಷ ಕಣಮ್ಮ! ಎಳೇ ಜೋಳದಲ್ಲಿ ಸೈನೈಡ್ ಇರುತ್ತೆ.’

ದೊಡ್ಡ ದನಗಳನ್ನು ಆ ಚಿಗುರಿನ ಹತ್ತಿರಕ್ಕೂ ಬಿಡಬಾರದು ಅಂತ ಅಕ್ಕನಿಗೆ ಗೊತ್ತು. ಆದರೆ ಕರುಗಳು? ಪಾಪ, ಎರಡು ಬಾಯಿ ತಿಂದರೆ ಏನಾದೀತು ಅಂತ ಮುದ್ದು. ನಾವು ಮಕ್ಕಳ ಕೈಗೆ ಮೊಬೈಲ್ ಕೊಡುವುದಿಲ್ಲವೇ, ಅದೇ ಲೆಕ್ಕ. ವೈರಿಯ ಮೇಲೆ ನಿಗಾ ಇಡುತ್ತೇವೆ. ನಮ್ಮ ಪ್ರೀತಿಯ ಮೇಲೆ ಇಡುವವರು ಯಾರು?

ಇಂಜೆಕ್ಷನ್ ಕೊಟ್ಟ ಮೇಲೆ ಗೌರಿ ಸ್ವಲ್ಪ ಹೊತ್ತಿಗೆ ಕಿವಿ ಆಡಿಸಿತು. ಆಮೇಲೆ ತಡವರಿಸುತ್ತಾ ಎದ್ದು ನಿಂತಿತು. ಅಕ್ಕ ಅದರ ಕತ್ತು ತಬ್ಬಿಕೊಂಡು ಗೊಳೋ ಅಂತ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ?

ಈಗ ಪುಟ್ಟಸ್ವಾಮಿಯ ಮುಖ ನೋಡುವುದು ಹೇಗೆ? ಕ್ಷಮೆ ಕೇಳುವುದು ನಮ್ಮ ವಂಶದಲ್ಲೇ ಇಲ್ಲ. ಅಕ್ಕ ಒಳಗೆ ಹೋಗಿ, ದೊಡ್ಡ ಲೋಟದ ತುಂಬ ಕಾಫಿ ತಂದು, ತಲೆ ತಗ್ಗಿಸಿ ಅವನ ಮುಂದೆ ಹಿಡಿದಳು.

ಪುಟ್ಟಸ್ವಾಮಿ ಲೋಟ ನೋಡಿದ. ಅಕ್ಕನನ್ನು ನೋಡಿದ.

‘ಮೊದ್ಲು ನೀನೊಂದ್ ಗುಟುಕು ಕುಡ್ದು ತೋರ್ಸಕ್ಕ!’